ಹೊಸ ಬ್ರಯರ್ ಪೈಪಿಗೆ ಯಾವ ಇಂಗ್ಲಿಷ್ ಮಿಕ್ಸ್ಚರ್? ಲಟಾಕಿಯಾ ಎಷ್ಟಿರಬೇಕು?

ಲೀಡ್ಸ್‌ವಾಸಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಕಾರ್ನ್ ಕಾಬ್ (ಮುಸುಕಿನ ಜೋಳದ ದಿಂಡಿನ) ಪೈಪಿನಲ್ಲಿ ಚೆರ್ರಿ, ವೆನಿಲಾ ಹಾಕಿದ ತಂಬಾಕು ಸೇದುತ್ತಿದ್ದೆ. ಪೊಟ್ಟಣ ಬಿಚ್ಚಿದರೆ ಘಮ್ಮೆನ್ನುತ್ತದೆ. ಆದರೆ ಸೇದುವಾಗ ಆ ರುಚಿ ಬಾಯಿಗೆ ಬರುವುದೇ ಇಲ್ಲ, ನಾಲಿಗೆ ಮಾತ್ರ ಉರಿಯುತ್ತದೆ. ಈಗ ಒಂದು ಒಳ್ಳೆಯ ಬ್ರಯರ್ ಮರದ ಪೈಪು ತೆಗೆದುಕೊಂಡಿದ್ದೇನೆ. ನೇರ ಕೊಳವೆ, ಬಿಲಿಯರ್ಡ್ ಆಕಾರ, ತಂಬಾಕು ತುಂಬುವ ಬೌಲಿನ ಒಳಗಿನ ಅಗಲ 20 ಮಿಲಿಮೀಟರ್. ಒಳಗೆ ಯಾವ ಲೇಪವೂ ಇಲ್ಲ, ಬರೀ ಮರ.

ಈ ಪೈಪನ್ನು ಶುರುವಿನಿಂದಲೇ ಇಂಗ್ಲಿಷ್ ಮಿಕ್ಸ್ಚರ್‌ಗೆ (ಲಟಾಕಿಯಾ ಅನ್ನುವ ಹೊಗೆ ಹಾಕಿದ ಎಲೆ ಬೆರೆಸಿದ ತಂಬಾಕಿಗೆ) ಅಂತ ಇಡುವ ಆಸೆ. ಆದರೆ ಅಂಗಡಿಯ ಪಟ್ಟಿ ನೋಡಿದರೆ ಎಲ್ಲಿಂದ ಹಿಡಿಯಬೇಕೋ ಗೊತ್ತಾಗುತ್ತಿಲ್ಲ. ಅರ್ಲಿ ಮಾರ್ನಿಂಗ್ ಪೈಪ್, ನೈಟ್‌ಕ್ಯಾಪ್, 965, ಸ್ಕ್ವಾಡ್ರನ್ ಲೀಡರ್, ಕಾಮನ್‌ವೆಲ್ತ್, ಬಾಲ್ಕನ್ ಸೊಬ್ರಾನಿ. ಇವುಗಳಲ್ಲಿ ಮೊದಲು ಯಾವುದು? ಲಟಾಕಿಯಾ ವಾಸನೆ ಪೈಪಿಗೆ ಹಿಡಿದರೆ ಹೋಗುವುದಿಲ್ಲ ಅನ್ನುತ್ತಾರೆ, ಅದು ನಿಜವಾ? ಈ ತಂಬಾಕಿಗೂ ನಾಲಿಗೆ ಉರಿಯುತ್ತದಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇಬ್ರಯರ್ (ಎಡಿನ್‌ಬರೊ)

ಲೀಡ್ಸ್ ಅವರೇ, ಪೈಪಿಗೆ ಶುಭವಾಗಲಿ. ಡಬ್ಬಿಗಳ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಳಗೆ ಯಾವ ಎಲೆ ಎಷ್ಟಿದೆ ಅಂತ ನೋಡಿ. ಆಗ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಇಂಗ್ಲಿಷ್ ಮಿಕ್ಸ್ಚರ್‌ಗೆ ಮೂರು ಎಲೆ ಮುಖ್ಯ. ತಳಕ್ಕೆ ವರ್ಜೀನಿಯಾ, ಸಿಹಿ ಬರುವುದು ಇದರಿಂದ. ಅದರ ಮೇಲೆ ಓರಿಯಂಟಲ್. ಕೆಲವು ಡಬ್ಬಿಯಲ್ಲಿ ಟರ್ಕಿಶ್ ಅಂತಲೂ ಬರೆದಿರುತ್ತಾರೆ. ಗ್ರೀಸ್, ಟರ್ಕಿ ಕಡೆ ಬೆಳೆದು ಬಿಸಿಲಲ್ಲಿ ಒಣಗಿಸಿದ ಸಣ್ಣ ಸಣ್ಣ ಎಲೆ ಅದು. ಸ್ವಲ್ಪ ಹುಳಿ, ಸ್ವಲ್ಪ ಮಸಾಲೆ, ಒಣ ಹುಲ್ಲಿನ ಪರಿಮಳ. ಮೂರನೆಯದು ಲಟಾಕಿಯಾ, ಹೊಗೆಯಲ್ಲಿ ಹದ ಮಾಡಿದ ಕಪ್ಪು ಎಲೆ. ಡಬ್ಬಿ ತೆಗೆದ ಕೂಡಲೇ ಮೂಗಿಗೆ ಬಡಿಯುವ ತೊಗಲಿನ ವಾಸನೆ, ಸೌದೆ ಹೊಗೆಯ ವಾಸನೆ ಎಲ್ಲಾ ಇದರದ್ದೇ.

ಬ್ರಿಟನ್ನಿನಲ್ಲಿ 1980ರ ದಶಕದ ತನಕ ತಂಬಾಕಿಗೆ ಏನೇನು ಸೇರಿಸಬಹುದು ಎಂಬುದಕ್ಕೆ ಕಾನೂನು ಬಿಗಿಯಾಗಿತ್ತು. ಸಿರಪ್ಪು, ಎಸೆನ್ಸು ಧಾರಾಳವಾಗಿ ಸುರಿಯುವಂತಿರಲಿಲ್ಲ. ರುಚಿ ಬೇಕಾದರೆ ಎಲೆಯಿಂದಲೇ ತೆಗೆಯಬೇಕು. ಯಾವ ಊರಿನ ಎಲೆ, ಹೇಗೆ ಒಣಗಿಸಿದ್ದು, ಎಷ್ಟು ಕಾಲ ಒತ್ತಿಟ್ಟದ್ದು, ಯಾವುದಕ್ಕೆ ಯಾವುದನ್ನು ಬೆರೆಸಿದ್ದು. ಇಲ್ಲಿನವರ ಕೈಚಳಕ ಬೆಳೆದದ್ದು ಆ ಬಿಗಿಯೊಳಗೆ. ನನಗೆ ಈ ತಂಬಾಕಿನ ಮೇಲೆ ಇಷ್ಟು ಪ್ರೀತಿ ಇರುವುದೂ ಅದಕ್ಕೇ.

ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದರು. ಗಿರಾಕಿ ಬಂದು ತನಗೆ ಹೇಗೆ ಬೇಕು ಅಂತ ಹೇಳಿದರೆ ಹಾಗೇ ಬೆರೆಸಿ ಕೊಡುತ್ತಿದ್ದರು. ಆ ಬೆರಕೆಯನ್ನು ಪುಸ್ತಕದಲ್ಲಿ ಬರೆದು ಒಂದು ನಂಬರು ಹಾಕಿಡುತ್ತಿದ್ದರು. ನೀವು ಕೇಳಿದ ‘ಮೈ ಮಿಕ್ಸ್ಚರ್ 965’ ಅಂಥ ನಂಬರಿನ ಹೆಸರು. ಡನ್‌ಹಿಲ್ ಹೆಸರಿನ ಪೈಪ್ ತಂಬಾಕು 2018ರಲ್ಲಿ ನಿಂತಿತು. ಅದೇ ಮಿಕ್ಸ್ಚರ್‌ಗಳು ಈಗ ಪೀಟರ್ಸನ್ ಹೆಸರಿನಲ್ಲಿ ಬರುತ್ತಿವೆ. ಹಳೆಯ ಬರಹಗಳಲ್ಲಿ ಡನ್‌ಹಿಲ್ ಅಂತ ಓದಿದರೆ ಅಂಗಡಿಯಲ್ಲಿ ಪೀಟರ್ಸನ್ ಅಂತ ಕೇಳಿ.

ಈಗ ಆಯ್ಕೆಯ ವಿಷಯ. ಲಟಾಕಿಯಾ ಅಂದರೆ ಒಗ್ಗರಣೆಗೆ ಹಾಕುವ ಇಂಗು ಇದ್ದ ಹಾಗೆ. ನಿಮಗೆ ಎಷ್ಟು ಬೇಕು ಎನ್ನುವುದನ್ನು ಕಡಿಮೆಯಿಂದ ಶುರು ಮಾಡಿ ಏರಿಸುತ್ತಾ ಹೋದರೆ ಮಾತ್ರ ತಿಳಿಯುತ್ತದೆ. ಮೊದಲು ಅರ್ಲಿ ಮಾರ್ನಿಂಗ್ ಪೈಪ್ ತನ್ನಿ. ಅದರಲ್ಲಿ ವರ್ಜೀನಿಯಾ, ಓರಿಯಂಟಲ್ ಮುಂದೆ ನಿಲ್ಲುತ್ತವೆ, ಲಟಾಕಿಯಾ ಹಿಂದೆ ಇರುತ್ತದೆ. ಅದರ ಜೊತೆಗೆ ಇಂಗ್ಲೆಂಡಿನ ಕೆಂಡಲ್ ಊರಿನ ಸ್ಯಾಮ್ಯುಯೆಲ್ ಗಾವಿತ್ ಅವರ ಸ್ಕ್ವಾಡ್ರನ್ ಲೀಡರ್. ಇದರಲ್ಲಿ ಮೂರೂ ಎಲೆಗಳಿಗೆ ಸರಿಯಾದ ಜಾಗ ಇದೆ, ಯಾವುದೂ ಇನ್ನೊಂದನ್ನು ತುಳಿಯುವುದಿಲ್ಲ. ಈ ಎರಡೇ ಸಾಕು. ಒಂದರಲ್ಲಿ ಲಟಾಕಿಯಾ ಸಾಲದು ಅನ್ನಿಸಿದರೆ, ಇನ್ನೊಂದರಲ್ಲಿ ಜಾಸ್ತಿ ಅನ್ನಿಸಿದರೆ, ನಿಮ್ಮ ಹದ ಎಲ್ಲಿದೆ ಅಂತ ಗೊತ್ತಾಯಿತು. ಮುಂದಿನ ಡಬ್ಬಿ ಆರಿಸುವುದು ಸುಲಭ.

ಕಾಮನ್‌ವೆಲ್ತ್ ಈಗ ಬೇಡ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಟಾಕಿಯಾ. ಒಳ್ಳೆಯ ತಂಬಾಕು, ಆದರೆ ಮೊದಲ ಡಬ್ಬಿ ಅಲ್ಲ.

ನೈಟ್‌ಕ್ಯಾಪ್ ಅಭಿಮಾನಿ

ಹಳೇಬ್ರಯರ್ ಸರ್ ಅವರ ಮೇಲೆ ಗೌರವ ಇದೆ, ಆದರೆ ಇದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಸೇದಬೇಕು ಅಂತ ಬಂದವರಿಗೆ ಲಟಾಕಿಯಾ ಹಿಂದೆ ಇರುವ ಡಬ್ಬಿ ಕೊಟ್ಟರೆ ‘ಇಷ್ಟೇನಾ’ ಅನ್ನಿಸಿಬಿಡುತ್ತದೆ. ನಾನು ನೈಟ್‌ಕ್ಯಾಪ್‌ನಿಂದಲೇ ಶುರು ಮಾಡಿದ್ದು. ಮೊದಲ ದಮ್ಮಿಗೇ ಮನಸ್ಸು ಸೋತಿತು. ಅದರಲ್ಲಿ ಲಟಾಕಿಯಾ ತುಂಬಾ ಇದೆ, ಪೆರೀಕ್ ಅನ್ನುವ ಹುದುಗಿಸಿದ ಎಲೆ ಕೂಡ ಇದೆ. ಕಪ್ಪು ಒಣದ್ರಾಕ್ಷಿ, ಕಾಳುಮೆಣಸು ಎರಡೂ ಒಟ್ಟಿಗೆ ಬಂದಂಥ ರುಚಿ. ರಾತ್ರಿ ಊಟ ಆದ ಮೇಲೆ ಅದಕ್ಕೆ ಸಾಟಿ ಇಲ್ಲ. ಇಷ್ಟವಾಗುವವರಿಗೆ ಒಂದೇ ಸಲಕ್ಕೆ ಇಷ್ಟವಾಗುತ್ತದೆ, ಆಗದವರಿಗೆ ಏನು ಮಾಡಿದರೂ ಆಗುವುದಿಲ್ಲ. ಹಾಗಿರುವಾಗ ಸುಮ್ನೆ ಮೆಟ್ಟಿಲು ಹತ್ತಿಸುವುದು ಯಾಕೆ?

ಹಳೇಬ್ರಯರ್ (ಎಡಿನ್‌ಬರೊ)

ನೈಟ್‌ಕ್ಯಾಪ್ ನನಗೂ ಇಷ್ಟ. ಆದರೆ ಲೀಡ್ಸ್ ಅವರಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. ರುಚಿ ಗಾಢವಾಗಿರುವುದು ಬೇರೆ, ನಿಕೋಟಿನ್ ಜಾಸ್ತಿ ಇರುವುದು ಬೇರೆ. ಲಟಾಕಿಯಾ ನೋಡಲು ಕಪ್ಪು, ವಾಸನೆ ಜೋರು. ಆದರೆ ಅದರಲ್ಲಿ ನಿಕೋಟಿನ್ ಹೆಚ್ಚಿಲ್ಲ. ನೈಟ್‌ಕ್ಯಾಪ್ ತಲೆಗೆ ಏರುವುದು ಪೆರೀಕ್‌ನಿಂದ ಮತ್ತು ಕೆಳಗಿರುವ ಗಟ್ಟಿ ವರ್ಜೀನಿಯಾದಿಂದ.

ಪೆರೀಕ್ ಬರುವುದು ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಿಂದ. ಎಲೆಯನ್ನು ವಿಸ್ಕಿ ಪೀಪಾಯಿಯಲ್ಲಿ ತುಂಬಿ, ಮೇಲಿಂದ ಭಾರ ಒತ್ತಿ, ಸುಮಾರು ಒಂದು ವರ್ಷ ತನ್ನ ರಸದಲ್ಲೇ ಹುದುಗಲು ಬಿಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಇಂಥದ್ದನ್ನು ಸೇದಿದರೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಹೊಸಬರಿಗೆ ಹಾಗಾದರೆ ‘ಲಟಾಕಿಯಾ ನನಗೆ ಆಗಿಬರುವುದಿಲ್ಲ’ ಅಂತ ತೀರ್ಮಾನಿಸಿಬಿಡುತ್ತಾರೆ. ಪಾಪ, ಲಟಾಕಿಯಾದ ತಪ್ಪೇ ಅಲ್ಲ ಅದು. ಮೆಟ್ಟಿಲು ಹತ್ತಿ ಅನ್ನುವುದು ಅದಕ್ಕಾಗಿ.

ಪಿರಿಯಾಪಟ್ಟಣದ ಹುಡುಗ

ನಾನು ಪೈಪು ಸೇದುವವನಲ್ಲ. ಆದರೆ ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ಅದಕ್ಕೇ ಇದನ್ನು ಓದುತ್ತಿದ್ದೇನೆ. ನೀವು ತಳಪಾಯ ಅಂದ ವರ್ಜೀನಿಯಾ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ಅದನ್ನು ನಾನು ಹೇಳುತ್ತೇನೆ.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಬೆಳೆಯುವುದು ವರ್ಜೀನಿಯಾವೇ. ಮಳೆ ನಂಬಿಕೊಂಡು ಮೇ, ಜೂನ್‌ನಲ್ಲಿ ಸಸಿ ನೆಡುತ್ತೇವೆ. ಎಲೆ ಒಂದೇ ಸಲ ಕೀಳುವುದಿಲ್ಲ. ಕೆಳಗಿನಿಂದ ಹಣ್ಣಾದ ಹಾಗೆ ಕೆಲವೇ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ (ಸೊಪ್ಪು ಒಣಗಿಸುವ ಮನೆ) ಒಳಗೆ ನೇತುಹಾಕಿ ಬೇಯಿಸುತ್ತೇವೆ. ಬೇಯಿಸುವುದು ಅಂದರೆ ನೀರಲ್ಲಿ ಅಲ್ಲ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಆ ಬಿಸಿ ತಗಡಿನ ಕೊಳವೆಯಲ್ಲಿ ಬ್ಯಾರನ್ ಒಳಗೆಲ್ಲಾ ಸುತ್ತಿ ಬರುತ್ತದೆ. ಹೊಗೆ ಮಾತ್ರ ಎಲೆಗೆ ತಾಗಬಾರದು. ಮೊದಲು 35–40 ಡಿಗ್ರಿಯಲ್ಲಿ ಎಲೆ ಹಳದಿ ಆಗಬೇಕು. ಆಮೇಲೆ ಬಿಸಿ ಏರಿಸುತ್ತಾ ಬಣ್ಣ ಕಟ್ಟಬೇಕು. ಕೊನೆಗೆ 70 ಡಿಗ್ರಿ ಹತ್ತಿರ ಹೋದಾಗ ನಡುವಿನ ದಂಟು ಒಣಗುತ್ತದೆ. ಆರೇಳು ದಿನದ ಕೆಲಸ, ರಾತ್ರಿಯೂ ಎದ್ದು ನೋಡಬೇಕು. ಬಿಸಿ ಬೇಗ ಏರಿದರೆ ಎಲೆ ಹಸಿರಾಗೇ ನಿಂತುಬಿಡುತ್ತದೆ, ತಡವಾದರೆ ಕಂದು ತಿರುಗುತ್ತದೆ. ಹರಾಜಿನಲ್ಲಿ ಎರಡಕ್ಕೂ ಬೆಲೆ ಇಲ್ಲ.

ಎಲೆ ಹಳದಿ ತಿರುಗುವಾಗ ಒಳಗಿನ ಪಿಷ್ಟ ಸಕ್ಕರೆ ಆಗುತ್ತದೆ. ಸರಿಯಾದ ಹೊತ್ತಿಗೆ ಬಿಸಿ ಏರಿಸಿ ಒಣಗಿಸಿದರೆ ಆ ಸಕ್ಕರೆ ಹಾಗೇ ಉಳಿಯುತ್ತದೆ. ನಿಮ್ಮ ಪೈಪಿನಲ್ಲಿ ಸಿಹಿ ಬರುವುದಕ್ಕೆ ಕಾರಣ ಇದು. ಎಷ್ಟೋ ಮನೆಯವರ ನಿದ್ದೆಗೆಟ್ಟ ರಾತ್ರಿ ಆ ಸಿಹಿಯಲ್ಲಿದೆ ಅಂತ ನಿಮಗೆ ಗೊತ್ತಿರಲಿ ಅಂತ ಬರೆದೆ.

ಒಂದು ಪ್ರಶ್ನೆ. ಲಟಾಕಿಯಾ ಎಲೆಗೆ ಬೇಕಂತಲೇ ಹೊಗೆ ಕೊಡುತ್ತಾರೆ ಅಂದಿರಿ. ನಮ್ಮಲ್ಲಿ ಹೊಗೆ ತಾಗಿದರೆ ಸೊಪ್ಪು ಕೆಟ್ಟಿತು ಅಂತ ಲೆಕ್ಕ. ಅಲ್ಲಿ ಅದನ್ನು ಹೇಗೆ ಮಾಡುತ್ತಾರೆ?

ಲೀಡ್ಸ್‌ವಾಸಿ

ಪಿರಿಯಾಪಟ್ಟಣದವರಿಗೆ ತುಂಬಾ ಥ್ಯಾಂಕ್ಸ್. ಪ್ಯಾಕೆಟ್ಟಿನ ಹಿಂದೆ ಇಷ್ಟೆಲ್ಲಾ ಇರುತ್ತದೆ ಅಂತ ಯಾವ ಅಂಗಡಿಯವರೂ ಹೇಳುವುದಿಲ್ಲ. ಲಟಾಕಿಯಾದ ಕತೆ ನನಗೂ ಬೇಕು. ಸಿರಿಯಾದ್ದು, ಸೈಪ್ರಸ್‌ನದ್ದು ಅಂತ ಎರಡು ಹೆಸರು ಕೇಳಿದ್ದೇನೆ. ಹಳೆಯ ಡಬ್ಬಿಗಳನ್ನು ಭಾರಿ ಬೆಲೆಗೆ ಮಾರುವುದನ್ನೂ ನೋಡಿದೆ. ಅಂಥದ್ದು ಕೊಳ್ಳಬೇಕಾ?

ಶಿಕಾಗೊ ಕನ್ನಡಿಗ

ಲಟಾಕಿಯಾ ಸಿರಿಯಾದ ಒಂದು ಬಂದರು ಪಟ್ಟಣ. ಅದರ ಹಿಂದಿನ ಬೆಟ್ಟಗಳಲ್ಲಿ ಬೆಳೆದ ಎಲೆ ಆ ಬಂದರಿನಿಂದ ಹೊರಗೆ ಹೋಗುತ್ತಿತ್ತು, ಹೆಸರೂ ಹಾಗೇ ಉಳಿಯಿತು. ಎಲೆಯನ್ನು ಮೊದಲು ಬಿಸಿಲಲ್ಲಿ ಒಣಗಿಸುತ್ತಾರೆ. ಆಮೇಲೆ ಕೊಟ್ಟಿಗೆಯಂಥ ಮುಚ್ಚಿದ ಜಾಗದಲ್ಲಿ ತೂಗುಹಾಕಿ, ಕೆಳಗೆ ಉರಿ ಏಳದ ಹಾಗೆ ಸೌದೆ, ಸೊಪ್ಪುಸದೆ ಹೊಗೆಯಾಡಿಸುತ್ತಾರೆ. ವಾರಗಟ್ಟಲೆ ಹಾಗೇ ಬಿಟ್ಟರೆ ಎಲೆ ಕಪ್ಪಾಗಿ, ಹೊಗೆಯನ್ನೆಲ್ಲಾ ಕುಡಿದುಬಿಡುತ್ತದೆ. ಸಿರಿಯಾದಲ್ಲಿ ಓಕ್, ಪೈನ್ ಥರದ ಮರ. ಸೈಪ್ರಸ್‌ನಲ್ಲಿ ಮ್ಯಾಸ್ಟಿಕ್, ಮಿರ್ಟಲ್ ಪೊದೆಗಳು, ಪೈನ್ ಮರ. ಎಲೆಯ ತಳಿಯೂ ಬೇರೆ. ಸೈಪ್ರಸ್‌ನವರು ಬಳಸುವುದು ಸ್ಮಿರ್ನಾ ತಳಿ, ಸಿರಿಯಾದ್ದು ಶೆಕ್-ಎಲ್-ಬಿಂತ್. ಸಿರಿಯಾದ್ದು ಸ್ವಲ್ಪ ತೆಳು, ದ್ರಾಕ್ಷಾರಸದ ಹುಳಿ ಇರುವಂಥದ್ದು. ಸೈಪ್ರಸ್‌ನದ್ದು ಇನ್ನೂ ಗಾಢ, ಸಿಹಿ, ತೊಗಲಿನ ವಾಸನೆ ಜಾಸ್ತಿ.

ಹೊಗೆಗೆ ಸೌದೆ ಬೇಕು, ಸೌದೆಗೆ ಕಾಡು ಬೇಕು. ಸಿರಿಯಾದಲ್ಲಿ ಕಾಡು ಬರಿದಾಗುತ್ತಾ ಬಂದು ಈ ಕೆಲಸ ನಿಲ್ಲುತ್ತಾ ಹೋಯಿತು. ಅಮೆರಿಕದ ಮಕ್ಲೆಲ್ಯಾಂಡ್ ಕಂಪನಿ ಸಿರಿಯಾದ ಎಲೆ ಕೊಂಡು ಇಟ್ಟಿತ್ತು. ಅಮೆರಿಕದಲ್ಲಿದ್ದ ಸಿರಿಯಾದ ಎಲೆ ಬಹಳಷ್ಟು 2004ರಲ್ಲಿ ಒಂದು ಗೋದಾಮಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು. 2018ರಲ್ಲಿ ಆ ಕಂಪನಿಯೇ ಮುಚ್ಚಿತು. ಹಾಗಾಗಿ ಇವತ್ತು ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಮಿಕ್ಸ್ಚರ್‌ನಲ್ಲಿ ಇರುವುದು ಹೆಚ್ಚುಕಡಿಮೆ ಎಲ್ಲಾ ಸೈಪ್ರಸ್ ಲಟಾಕಿಯಾ ಅಂತಲೇ ಇಟ್ಟುಕೊಳ್ಳಿ.

ಹಳೆಯ ಡಬ್ಬಿಗೆ ದುಡ್ಡು ಸುರಿಯಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ವರ್ಜೀನಿಯಾ ವರ್ಷ ಕಳೆದ ಹಾಗೆ ಮಾಗುತ್ತದೆ, ಸಿಹಿ ಏರುತ್ತದೆ. ಲಟಾಕಿಯಾ ಹಾಗಲ್ಲ. ಕಾಲ ಕಳೆದಂತೆ ಅದರ ಹೊಗೆಯ ಗುಣ ಮೆತ್ತಗಾಗುತ್ತಾ ಹೋಗುತ್ತದೆ. ಐದಾರು ವರ್ಷ ಇಟ್ಟದ್ದು ಕೆಲವರಿಗೆ ಇಷ್ಟ, ಎಲೆಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಆದರೆ ಲಟಾಕಿಯಾ ಹೇಗಿರುತ್ತದೆ ಅಂತ ಮೊದಲ ಸಲ ತಿಳಿಯಬೇಕಾದವರಿಗೆ ತಾಜಾ ಡಬ್ಬಿಯೇ ಒಳ್ಳೆಯದು. ಬೆಲೆಯೂ ಕಡಿಮೆ.

ಬಾಲ್ಕನ್ ಸೊಬ್ರಾನಿ ವಿಷಯವೂ ಅಷ್ಟೇ. ಹಳೆಯ ಲಂಡನ್ ಡಬ್ಬಿಗೆ ಜನ ಪ್ರಾಣ ಬಿಡುತ್ತಾರೆ. ಈಗ ಅದನ್ನು ಮಾಡುವುದು ಜರ್ಸಿ ದ್ವೀಪದ ಜೆ.ಎಫ್. ಜರ್ಮೈನ್ ಅವರು. ಅಂಗಡಿಗೆ ಬಂದ ಕೂಡಲೇ ಖಾಲಿ ಆಗುತ್ತದೆ. ಸಿಕ್ಕರೆ ತೆಗೆದುಕೊಳ್ಳಿ, ಸಿಗದಿದ್ದರೆ ಅದಕ್ಕಾಗಿ ಕಾಯಬೇಡಿ. ಓರಿಯಂಟಲ್ ಮುಂದೆ ಇರುವ ಆ ಥರದ ರುಚಿಗೆ ಸ್ಯಾಮ್ಯುಯೆಲ್ ಗಾವಿತ್‌ನ ಸ್ಕಿಫ್ ಮಿಕ್ಸ್ಚರ್ ನಿಮ್ಮ ಊರಿನಲ್ಲೇ ಸುಲಭವಾಗಿ ಸಿಗಬಹುದು.

ಪಿರಿಯಾಪಟ್ಟಣದ ಹುಡುಗ

ಕಾಡಿನ ಮಾತು ಓದಿ ಸುಮ್ಮನಿರಲಾಗಲಿಲ್ಲ. ನಮ್ಮ ಬ್ಯಾರನ್‌ಗಳಿಗೂ ಸೌದೆ ಲಾರಿಗಟ್ಟಲೆ ಬೇಕು. ಎಷ್ಟೋ ಕಡೆ ಹೊಲದ ಬದುವಿನಲ್ಲಿ ಮರ ಬೆಳೆಸಿ ಅಂತ ಹೇಳುತ್ತಿದ್ದಾರೆ, ಸಸಿ ಕೊಡುತ್ತಿದ್ದಾರೆ. ನಮ್ಮ ತಂದೆ ಬ್ಯಾರನ್ ಗೋಡೆಗೆ ಶಾಖ ಹೊರಗೆ ಹೋಗದ ಹಾಗೆ ಹೊದಿಕೆ ಮಾಡಿಸಿದ ಮೇಲೆ ಸೌದೆ ಉಳಿಯುತ್ತಿದೆ. ಈ ಬೆಳೆ ಬಿಟ್ಟರೆ ಬೇರೆ ಏನು ಅನ್ನುವುದು ನಮ್ಮ ಕಡೆ ದಿನಾ ನಡೆಯುವ ಮಾತು. ಆ ಚರ್ಚೆ ಇಲ್ಲಿ ಬೇಡ. ಸೇದುವವರಿಗೆ ಸೌದೆಯ ಲೆಕ್ಕ ಗೊತ್ತಿದ್ದರೆ ಒಳ್ಳೆಯದು, ಅಷ್ಟೇ.

ಹಲ್ಲಿನ ಡಾಕ್ಟರ್ (ಬೆಂಗಳೂರು)

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ, ಓದಲು ಚೆನ್ನಾಗಿದೆ. ಆದರೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಪೈಪಿನ ಹೊಗೆ ಒಳಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ತೊಂದರೆ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಬಾಯಿಯ ಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ಚಟವೂ ಆಗುತ್ತದೆ. ತುಟಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಪೈಪೂ ಕಾರಣವಾಗುತ್ತದೆ. ಸುವಾಸನೆ ಹಾಕದ ಶುದ್ಧ ಎಲೆ ಅಂದ ಮಾತ್ರಕ್ಕೆ ಹೊಗೆ ಶುದ್ಧ ಆಗುವುದಿಲ್ಲ.

ಪೈಪು ಸೇದುವವರ ಬಾಯಲ್ಲಿ ನಾವು ನೋಡುವ ಒಂದು ಬದಲಾವಣೆ ಇದೆ. ಮೇಲಿನ ಅಂಗುಳ ಬೆಳ್ಳಗೆ ತಿರುಗಿ, ಅದರ ಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ. ಬಿಸಿ ಹೊಗೆ ಸದಾ ಅಲ್ಲಿಗೇ ಬಡಿಯುವುದರಿಂದ ಹೀಗಾಗುತ್ತದೆ. ನಾಲಿಗೆ, ಕೆನ್ನೆಯ ಒಳಭಾಗ, ತುಟಿ ಇವುಗಳಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತೋರಿಸಿಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಬಾಯಿ ಪರೀಕ್ಷೆ ಮಾಡಿಸಿ. ಇನ್ನೂ ಶುರು ಮಾಡದೆ ಸುಮ್ನೆ ಓದುತ್ತಿರುವವರು ದಯವಿಟ್ಟು ಶುರು ಮಾಡಬೇಡಿ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಮಾರುವ ಹಾಗಿಲ್ಲ ಎಂಬುದನ್ನೂ ನೆನಪಿಡಿ.

ಲೀಡ್ಸ್‌ವಾಸಿ

ಮೇಡಂ, ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ನಾನು ದಿನಾ ಸೇದುವವನಲ್ಲ, ವಾರದ ಕೊನೆಗೆ ಒಮ್ಮೆ, ಹಿತ್ತಲಿನಲ್ಲಿ. ಮನೆಯಲ್ಲಿ ಮಕ್ಕಳಿದ್ದಾರೆ, ಒಳಗೆ ಹಚ್ಚುವುದೇ ಇಲ್ಲ. ಬಾಯಿ ಪರೀಕ್ಷೆಗೆ ಹೆಸರು ಕೊಡುತ್ತೇನೆ.

ಪೈಪ್ ರಿಪೇರಿ (ಮಲ್ಲೇಶ್ವರಂ)

ಹಳೆಯ ಪೈಪುಗಳನ್ನು ಬಿಚ್ಚಿ, ತೊಳೆದು, ಮತ್ತೆ ಸೇದುವ ಹಾಗೆ ಮಾಡುವುದು ನನ್ನ ಹವ್ಯಾಸ. ವಾಸನೆ ಹಿಡಿಯುವ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೆ ಬಂದೆ.

ಹಿಡಿಯುತ್ತದೆ, ನಿಜ. ಬ್ರಯರ್ ಅಂದರೆ ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬೇರಿನ ಗಂಟು. ಗಟ್ಟಿ ಮರ, ಬೇಗ ಸುಡುವುದಿಲ್ಲ, ಆದರೆ ತೇವ ಹೀರುತ್ತದೆ. ಲಟಾಕಿಯಾ ಸೇದಿದ ಪೈಪಿನಲ್ಲಿ ಮರುದಿನ ಬರೀ ವರ್ಜೀನಿಯಾ ಹಾಕಿದರೂ ಹಿಂದಿನ ಹೊಗೆ ರುಚಿಯಲ್ಲಿ ಬಂದೇ ಬರುತ್ತದೆ. ಹಾಗಾಗಿ ಈ ಪೈಪು ಇಂಗ್ಲಿಷ್‌ಗೆ ಮಾತ್ರ ಅಂತ ನೀವು ತೀರ್ಮಾನಿಸಿದ್ದು ಸರಿ. ಲಟಾಕಿಯಾ ಇರುವ ಡಬ್ಬಿಗಳು ಒಂದರ ಮೇಲೊಂದು ಬಂದರೆ ಪೈಪಿಗೆ ಏನೂ ಬೇಸರವಿಲ್ಲ, ಇನ್ನೂ ರುಚಿಯಾಗುತ್ತದೆ.

ನಿಜವಾಗಿ ಹೆದರಬೇಕಾದ್ದು ಬೇರೆ ಇದೆ. ಕೆಂಡಲ್ ಕಡೆಯ ಕೆಲವು ತಂಬಾಕಿಗೆ ಹೂವಿನ, ಸೋಪಿನ ಥರದ ಸುಗಂಧ ಹಾಕಿರುತ್ತಾರೆ. ಲೇಕ್‌ಲ್ಯಾಂಡ್ ಅನ್ನುತ್ತಾರೆ. ಎನ್ನರ್‌ಡೇಲ್ ಫ್ಲೇಕ್ ಅದರಲ್ಲಿ ಹೆಸರುವಾಸಿ. ಇಷ್ಟಪಡುವವರು ತುಂಬಾ ಇಷ್ಟಪಡುತ್ತಾರೆ. ಆದರೆ ಆ ವಾಸನೆ ಮರದಿಂದ ತೆಗೆಯಲು ನಾನು ಪಡುವ ಪಾಡು ಲಟಾಕಿಯಾಗೆ ಪಡುವುದಿಲ್ಲ. ಉಪ್ಪು ತುಂಬಿ ಸ್ಪಿರಿಟ್ ಹಾಕಿ ರಾತ್ರಿಯಿಡೀ ಇಟ್ಟರೂ ಉಳಿದುಕೊಳ್ಳುತ್ತದೆ. ಇದೂ ಕೆಂಡಲ್‌ನದ್ದೇ ಅಂದುಕೊಂಡು ಗೊತ್ತಿಲ್ಲದೆ ಅದನ್ನು ಹೊಸ ಪೈಪಿಗೆ ತುಂಬಬೇಡಿ.

ಒಂದು ಸಲಹೆ. ಎರಡು ಡಬ್ಬಿ ತಂದ ಮೇಲೆ ಮೊದಲ ರುಚಿ ಬ್ರಯರ್‌ನಲ್ಲಿ ನೋಡಬೇಡಿ. ಒಂದು ಹೊಸ ಕಾರ್ನ್ ಕಾಬ್ ತನ್ನಿ, ಅಗ್ಗಕ್ಕೆ ಸಿಗುತ್ತದೆ. ಮಿಸ್ಸೌರಿ ಮೀರ್‌ಶಾಮ್ ಕಂಪನಿಯವರು 1869ರಿಂದ ಅದನ್ನೇ ಮಾಡುತ್ತಿದ್ದಾರೆ. ಕಾಬ್ ಅನ್ನು ಪಳಗಿಸುವ ತಾಪತ್ರಯ ಇಲ್ಲ, ಮೊದಲ ದಿನದಿಂದಲೇ ಎಲೆಯ ರುಚಿ ಸರಿಯಾಗಿ ಕೊಡುತ್ತದೆ. ಈಗಿರುವ ಕಾಬ್ ಬೇಡ, ಅದರಲ್ಲಿ ಚೆರ್ರಿ ಕೂತಿರುತ್ತದೆ. ಹೊಸ ಬ್ರಯರ್ ಮೊದಮೊದಲು ತನ್ನದೇ ಮರದ ರುಚಿ ಬಿಡುತ್ತದೆ. ಅದನ್ನು ತಂಬಾಕಿನ ಗುಣ ಅಂದುಕೊಂಡು ಒಳ್ಳೆಯ ಮಿಕ್ಸ್ಚರ್ ಒಂದನ್ನು ಬದಿಗಿಟ್ಟವರನ್ನು ನೋಡಿದ್ದೇನೆ.

ಬ್ರಯರ್ ಪಳಗಿಸುವುದು ಹೀಗೆ. ಶುರುವಿನಲ್ಲಿ ಅರ್ಧ ಬೌಲ್ ಮಾತ್ರ ತುಂಬಿ. ನಿಧಾನವಾಗಿ, ತಳದ ತನಕ ಸೇದಿ. ಬೌಲ್ ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾದರೆ ಕೆಳಗಿಟ್ಟು ತಣ್ಣಗಾಗಲು ಬಿಡಿ. ಗೋಡೆಗೆ ಇದ್ದಿಲಿನ ತೆಳು ಪದರ ಕಟ್ಟುತ್ತದೆ, ಮರವನ್ನು ಕಾಪಾಡುವುದು ಅದು. ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಸಾಕು, ಅದಕ್ಕಿಂತ ಬೆಳೆದರೆ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಮರ ಸೀಳಬಹುದು. ಒಳಗೆ ಜೇನುತುಪ್ಪ ಸವರಿ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಸಕ್ಕರೆ ಕರಗಿ ಸುಟ್ಟ ಪದರ ಗಟ್ಟಿ ನಿಲ್ಲುವುದಿಲ್ಲ, ಕಿತ್ತು ಬರುತ್ತದೆ.

ನಿಮ್ಮ 20 ಮಿಲಿಮೀಟರ್ ಅಗಲ ಒಳ್ಳೆಯ ಅಳತೆ. ಮೂರು ನಾಲ್ಕು ಬಗೆಯ ಎಲೆ ಇರುವ ಮಿಕ್ಸ್ಚರ್‌ಗೆ ಬೌಲ್ ಸ್ವಲ್ಪ ಅಗಲ ಇದ್ದರೆ ಎಲ್ಲಾ ಎಲೆಗಳೂ ಒಟ್ಟಿಗೆ ಉರಿಯುತ್ತವೆ.

ನೈಟ್‌ಕ್ಯಾಪ್ ಅಭಿಮಾನಿ

ಮೊದಲು ಕಾಬ್‌ನಲ್ಲಿ ನೋಡಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಲೀಡ್ಸ್ ಅವರ ಪಟ್ಟಿಯಲ್ಲಿದ್ದ 965 ಬಗ್ಗೆ ಎಲೆ ಲೆಕ್ಕ ಯಾರೂ ಹೇಳಲಿಲ್ಲವಲ್ಲ. ಅದರಲ್ಲಿ ಮೂರು ಎಲೆಯ ಜೊತೆ ಕಂದು ಕ್ಯಾವೆಂಡಿಶ್ ಇದೆ. ಅದು ಆವಿಯಲ್ಲಿ ಬೇಯಿಸಿ ಒತ್ತಿದ ಎಲೆ. ಹೊಗೆ ದಪ್ಪ, ಮೆತ್ತಗೆ, ಬೆಣ್ಣೆಯ ಜಿಡ್ಡು ಇರುವಂತೆ. ಇಂಥವನ್ನು ಸ್ಕಾಟಿಷ್ ಮಿಕ್ಸ್ಚರ್ ಅಂತಲೂ ಕರೆಯುವುದುಂಟು. ಸ್ಕ್ವಾಡ್ರನ್ ಲೀಡರ್ ಹಿಡಿಸಿದರೆ ಮುಂದಿನದು ಇದೇ ಆಗಲಿ. ನೈಟ್‌ಕ್ಯಾಪ್ ಆಮೇಲೆ. ಆದರೆ ಪಟ್ಟಿಯಿಂದ ಮಾತ್ರ ತೆಗೆಯಬೇಡಿ.

ಲೀಡ್ಸ್‌ವಾಸಿ

ತಂದಾಯಿತು! ಅರ್ಲಿ ಮಾರ್ನಿಂಗ್ ಪೈಪ್ ಒಂದು ಡಬ್ಬಿ, ಸ್ಕ್ವಾಡ್ರನ್ ಲೀಡರ್ ಒಂದು ಡಬ್ಬಿ, ಜೊತೆಗೆ ಹೊಸ ಕಾಬ್. ಎರಡನ್ನೂ ಕಾಬ್‌ನಲ್ಲಿ ನೋಡಿಯಾಯಿತು.

ಅರ್ಲಿ ಮಾರ್ನಿಂಗ್ ಪೈಪ್ ಹಗುರ, ಶುಚಿ. ಬೆಳಗಿನ ಟೀ ಜೊತೆ ಚೆನ್ನಾಗಿ ಹೊಂದಿತು. ಓರಿಯಂಟಲ್ ಹುಳಿ ಅಂದರೆ ಏನು ಅಂತ ಗೊತ್ತಾದದ್ದು ಇದರಲ್ಲೇ. ಆದರೆ ಮನಸ್ಸು ಹೋದದ್ದು ಸ್ಕ್ವಾಡ್ರನ್ ಲೀಡರ್ ಕಡೆ. ಮೊದಲು ಸೌದೆ ಹೊಗೆ, ಹಿಂದೆಯೇ ವರ್ಜೀನಿಯಾ ಸಿಹಿ, ಮಧ್ಯೆ ಮಧ್ಯೆ ಮಸಾಲೆ. ಡಬ್ಬಿಯಲ್ಲಿ ಬಂದ ವಾಸನೆಯೇ ಬಾಯಿಗೂ ಬಂತು. ಚೆರ್ರಿ ತಂಬಾಕಿನಲ್ಲಿ ಇದು ಆಗಿರಲೇ ಇಲ್ಲ. ಬ್ರಯರ್ ಪೈಪಿಗೆ ಇದೇ ಅಂತ ತೀರ್ಮಾನ ಮಾಡಿದೆ.

ಇನ್ನೂ ಒಂದು ಅನುಮಾನ. ಸ್ಕ್ವಾಡ್ರನ್ ಲೀಡರ್ ತುಂಬಾ ಒದ್ದೆ. ಮತ್ತೆ ಮತ್ತೆ ಆರಿಹೋಗುತ್ತದೆ, ಕೊಳವೆಯಲ್ಲಿ ಗೊರಗೊರ ಅನ್ನುತ್ತದೆ, ಕೊನೆಗೆ ನಾಲಿಗೆ ಸ್ವಲ್ಪ ಚುರುಗುಟ್ಟಿತು. ಡಬ್ಬಿ ಕೆಟ್ಟಿದೆಯಾ?

ಹಳೇಬ್ರಯರ್ (ಎಡಿನ್‌ಬರೊ)

ಕೆಟ್ಟಿಲ್ಲ. ಸ್ಯಾಮ್ಯುಯೆಲ್ ಗಾವಿತ್ ತಂಬಾಕು ಯಾವಾಗಲೂ ಹಸಿಯಾಗೇ ಬರುತ್ತದೆ. ಒಂದು ಬೌಲಿಗೆ ಬೇಕಾದಷ್ಟು ತೆಗೆದು ಕಾಗದದ ಮೇಲೆ ಹರಡಿ. ಲೀಡ್ಸ್ ಹವೆಯಲ್ಲಿ ಒಂದು ಗಂಟೆಯಾದರೂ ಬೇಕು, ಮಳೆ ದಿನ ಇನ್ನೂ ಜಾಸ್ತಿ. ಬೆರಳಲ್ಲಿ ಹಿಸುಕಿದರೆ ಉಂಡೆ ಕಟ್ಟಬಾರದು, ಬಿಟ್ಟ ಕೂಡಲೇ ಬಿಡಿಬಿಡಿಯಾಗಬೇಕು. ಪುಡಿಯಾದರೆ ಒಣಗಿದ್ದು ಜಾಸ್ತಿಯಾಯಿತು.

ತುಂಬುವಾಗ ಕೆಳಗೆ ಸಡಿಲ, ಮೇಲೆ ಸ್ವಲ್ಪ ಬಿಗಿ. ಮಗುವಿನ ಕೈ, ಹೆಂಗಸಿನ ಕೈ, ಗಂಡಸಿನ ಕೈ ಅಂತ ಹಳೆಯ ಪೈಪಿನವರು ಹೇಳುವ ಕ್ರಮ ಇದೆ. ಮೂರು ಸಲ ತುಂಬಿ, ಪ್ರತಿ ಸಲವೂ ಸ್ವಲ್ಪ ಜಾಸ್ತಿ ಒತ್ತುವುದು. ಹಚ್ಚುವ ಮೊದಲು ಒಮ್ಮೆ ಎಳೆದು ನೋಡಿ. ಗಾಳಿ ಸರಾಗ ಬರಬೇಕು, ಆದರೆ ಪೂರ್ತಿ ಖಾಲಿ ಅನ್ನಿಸಬಾರದು. ಮೊದಲ ಕಡ್ಡಿಗೆ ಮೇಲಿನ ಎಲೆ ಉಬ್ಬಿ ಏಳುತ್ತದೆ. ಟ್ಯಾಂಪರ್ ಅನ್ನುವ ಒತ್ತುವ ಕಡ್ಡಿಯಿಂದ ಮೆಲ್ಲಗೆ ಒತ್ತಿ ಮತ್ತೆ ಹಚ್ಚಿ. ನಡುವೆ ಆರಿದರೆ ಆರಲಿ, ಮತ್ತೆ ಹಚ್ಚಿದರಾಯಿತು. ಆರಬಾರದು ಅಂತ ಜೋರಾಗಿ ಎಳೆದಾಗಲೇ ನಾಲಿಗೆ ಸುಡುವುದು. ಹಸಿ ತಂಬಾಕಿನ ಆವಿ, ವರ್ಜೀನಿಯಾ ಸಕ್ಕರೆ, ಆತುರ ಮೂರೂ ಸೇರಿದರೆ ಯಾವ ಮಿಕ್ಸ್ಚರ್ ಆದರೂ ಕಚ್ಚುತ್ತದೆ. ಲಟಾಕಿಯಾ ಇರುವುದು ಸಾಮಾನ್ಯವಾಗಿ ಕಡಿಮೆ ಕಚ್ಚುತ್ತದೆ. ಗೊರಗೊರ ಬಂದರೆ ಪೈಪ್ ಕ್ಲೀನರ್ ಒಳಗೆ ಬಿಟ್ಟು ತೆಗೆಯಿರಿ, ತೇವ ಬರುತ್ತದೆ.

ಪೈಪ್ ರಿಪೇರಿ (ಮಲ್ಲೇಶ್ವರಂ)

ಒಂದು ಎಚ್ಚರಿಕೆ. ಪೈಪು ಬಿಸಿ ಇರುವಾಗ ಕೊಳವೆ ತಿರುಗಿಸಿ ಬಿಚ್ಚಬೇಡಿ, ಕೂಡುವ ಜಾಗದಲ್ಲಿ ಮರ ಬಿರುಕು ಬಿಡುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವ ಹೊಸ ಪೈಪುಗಳಲ್ಲಿ ಬಹಳಷ್ಟು ಹೀಗೇ ಒಡೆದವು. ಒಮ್ಮೆ ಸೇದಿದ ಮೇಲೆ ಬೂದಿ ತೆಗೆದು, ಕ್ಲೀನರ್ ಹಾಕಿ, ಒಂದೆರಡು ದಿನ ಒಣಗಲು ಬಿಡಿ. ನೀವು ವಾರಕ್ಕೊಮ್ಮೆ ಸೇದುವವರು, ಹಾಗಾಗಿ ಚಿಂತೆ ಇಲ್ಲ.

ಶಿಕಾಗೊ ಕನ್ನಡಿಗ

ವಾರಕ್ಕೊಮ್ಮೆ ಅಂದರೆ 50 ಗ್ರಾಂ ಡಬ್ಬಿ ನಿಮಗೆ ತಿಂಗಳುಗಟ್ಟಲೆ ಬರುತ್ತದೆ. ತೆರೆದ ಡಬ್ಬಿಯಲ್ಲಿ ಅಷ್ಟು ದಿನ ಇಟ್ಟರೆ ಒಣಗಿ ಹೋಗುತ್ತದೆ. ರಬ್ಬರ್ ವಾಷರ್ ಇರುವ ಗಾಜಿನ ಜಾಡಿಗೆ ಹಾಕಿ, ತಾರೀಖು ಬರೆದು, ಬೆಳಕು ಬೀಳದ ಕಡೆ ಇಡಿ. ಫ್ರಿಜ್ ಬೇಡ. ಎರಡೂ ಮಿಕ್ಸ್ಚರ್ ಬೇರೆ ಬೇರೆ ಜಾಡಿಯಲ್ಲಿ ಇರಲಿ. ಮಕ್ಕಳ ಕೈಗೆ ಎಟುಕದ ಅಟ್ಟದಲ್ಲಿಟ್ಟರೆ ಇನ್ನೂ ಒಳ್ಳೆಯದು. ತಂಬಾಕು ಬಾಯಿಗೆ ಹಾಕಿಕೊಂಡರೆ ಚಿಕ್ಕ ಮಕ್ಕಳಿಗೆ ಅದು ವಿಷ.

ಲೀಡ್ಸ್‌ವಾಸಿ

ಜಾಡಿ ತಂದಾಯಿತು, ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಈ ಶನಿವಾರ ಬ್ರಯರ್‌ಗೆ ಮೊದಲ ಅರ್ಧ ಬೌಲ್ ಸ್ಕ್ವಾಡ್ರನ್ ಲೀಡರ್. ಮಧ್ಯಾಹ್ನವೇ ಕಾಗದದ ಮೇಲೆ ಹರಡಿಡುತ್ತೇನೆ. ಡಬ್ಬಿ ಮುಗಿದ ಮೇಲೆ 965 ತರುತ್ತೇನೆ. ಅದರ ಕ್ಯಾವೆಂಡಿಶ್ ಬಗ್ಗೆ ಕೇಳುವುದು ಇನ್ನೂ ಇದೆ, ಆಗ ಬರುತ್ತೇನೆ.